ಮಾಂಸಾಹಾರಿ ಡೈನೋಸಾರ್‌ಗಳ ಹಲ್ಲು ಸಂಗ್ರಹಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ನನ್ನ ಸಂಗ್ರಹದ ಮೊದಲ ಹಲ್ಲು ಎರಡು ಪ್ರಾಣಿಗಳದ್ದು. ಕೊಳ್ಳುವಾಗ ಅದು ಗೊತ್ತಿರಲಿಲ್ಲ. ಒಂದು ಖನಿಜ ಮೇಳದಲ್ಲಿ, ಹತ್ತಿ ಹಾಸಿದ ಡಬ್ಬಿಯೊಳಗೆ ಬೆರಳುದ್ದದ ಕಂದು ಹಲ್ಲು ಮಲಗಿತ್ತು. ಬೇರು ಸಮೇತ. "ಬೇರು ಇರೋದು ಸಿಗೋದೇ ಅಪರೂಪ" ಎಂದರು ಮಾರುವವರು. ಆ ಒಂದು ಮಾತಿಗೆ ಸೋತುಬಿಟ್ಟೆ. ಎರಡು ವಾರ ಬಂದವರಿಗೆಲ್ಲ ತೋರಿಸಿದೆ. ಆಮೇಲೊಂದು ದಿನ ಕಿಟಕಿ ಪಕ್ಕ ಕೂತು ಲೆನ್ಸ್ ಹಿಡಿದು ನೋಡಿದರೆ, ಹಲ್ಲಿನ ಮೇಲಿನ ಬಿರುಕುಗಳೆಲ್ಲ ಬೇರಿನ ಹತ್ತಿರ ಬಂದು ಥಟ್ಟನೆ ನಿಂತಿವೆ. ಬೇರಿನಲ್ಲಿ ಬೇರೆಯೇ ಬಿರುಕುಗಳು. ಎರಡರ ನಡುವೆ ಮರಳು ಬೆರೆಸಿದ ಅಂಟಿನ ಸಣ್ಣ ಪಟ್ಟಿ.

ಈ ಹವ್ಯಾಸದಲ್ಲಿ ಎಲ್ಲ ಹಲ್ಲಿನ ಜೊತೆಗೂ ಒಂದು ಚೀಟಿ ಬರುತ್ತದೆ. ಅದರಲ್ಲಿ ಪ್ರಾಣಿಯ ಹೆಸರು ಇರುತ್ತದೆ, ಸಿಕ್ಕಿದ ಜಾಗವೂ ಇರುತ್ತದೆ. ಹೆಸರನ್ನು ಸುಲಭಕ್ಕೆ ನಂಬಬೇಡಿ, ಜಾಗವನ್ನು ಮಾತ್ರ ಯಾವತ್ತೂ ಕಳೆಯಬೇಡಿ. ಹೊಸಬರು ಸಾಮಾನ್ಯವಾಗಿ ಇದನ್ನು ಉಲ್ಟಾ ಮಾಡುತ್ತಾರೆ. ನಾನೂ ಮಾಡಿದೆ.

ಹೆಜ್ಜೆ 1: ಇಷ್ಟೊಂದು ಹಲ್ಲು ಸಿಗುವುದೇಕೆ?

ಹಾಲುಹಲ್ಲು ಬಿದ್ದಾಗ ಸಗಣಿ ಉಂಡೆಯಲ್ಲಿಟ್ಟು ಹೆಂಚಿನ ಮೇಲೆ ಎಸೆದದ್ದು ನೆನಪಿದೆ ಅಲ್ವಾ? ನಮಗೆ ಅದು ಒಂದೇ ಸುತ್ತು. ಮಾಂಸ ತಿನ್ನುವ ಡೈನೋಸಾರ್‌ಗಳಿಗೆ ಬದುಕಿಡೀ ಹಲ್ಲು ಉದುರುತ್ತಿತ್ತು, ಹೊಸದು ಬರುತ್ತಿತ್ತು. ಹಲ್ಲಿನೊಳಗೆ ದಿನಕ್ಕೊಂದರಂತೆ ಬೆಳೆಯುವ ಗೆರೆಗಳಿರುತ್ತವೆ. ಮರದ ಉಂಗುರ ಎಣಿಸಿದ ಹಾಗೆ ಅವನ್ನು ಎಣಿಸಿ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಮಡಗಾಸ್ಕರ್‌ನ ಮಜುಂಗಸಾರಸ್‌ಗೆ ಒಂದು ಜಾಗದಲ್ಲಿ ಹಲ್ಲು ಬದಲಾಗಲು ಸುಮಾರು 56 ದಿನ ಸಾಕಿತ್ತು. ಅಲೋಸಾರಸ್‌ಗೆ ಸುಮಾರು 104 ದಿನ. ಟಿ. ರೆಕ್ಸ್ ನಿಧಾನ, 777 ದಿನ. ಒಂದು ಬಾಯಲ್ಲಿ 50-60 ಹಲ್ಲು ಅಂದುಕೊಂಡರೂ ಒಂದು ಪ್ರಾಣಿ ಬದುಕಿನಲ್ಲಿ ನೂರಾರು ಹಲ್ಲು ಉದುರಿಸಿರುತ್ತದೆ. ಮೂಳೆ ಸಿಗುವುದು ಕಷ್ಟ, ಹಲ್ಲು ಸಿಗುವುದು ಸುಲಭ. ಕಾರಣ ಇಷ್ಟೇ.

ಇಲ್ಲಿಂದ ಕೆಲಸಕ್ಕೆ ಬರುವ ಒಂದು ಸೂತ್ರ ಹೊರಡುತ್ತದೆ. ಹೊಸ ಹಲ್ಲು ಕೆಳಗಿನಿಂದ ಬೆಳೆಯುವಾಗ ಹಳೆಯ ಹಲ್ಲಿನ ಬೇರು ಕರಗಿಹೋಗುತ್ತದೆ. ಹಾಗಾಗಿ ತಾನಾಗಿ ಉದುರಿದ ಹಲ್ಲಿಗೆ ಬೇರು ಇರುವುದಿಲ್ಲ. ಬುಡದಲ್ಲಿ ಗುಳಿ ಬಿದ್ದಿರುತ್ತದೆ, ಅಂಚು ಒರಟಾಗಿರುತ್ತದೆ. ಬೇರು ಪೂರ್ತಿ ಇದ್ದರೆ ಆ ಹಲ್ಲು ಸತ್ತ ಪ್ರಾಣಿಯ ದವಡೆಯಿಂದ ಬಂದದ್ದು. ಅಂಥವು ನಿಜಕ್ಕೂ ಅಪರೂಪ. ಅಪರೂಪದ್ದು ಮೇಜಿನ ಮೇಲೆ ಸಾಲಾಗಿ ಹತ್ತು ಕೂತಿದ್ದರೆ ನೀವು ಎಚ್ಚರಾಗಬೇಕು.

ಹೆಜ್ಜೆ 2: ಪ್ರಾಣಿಗಿಂತ ಮೊದಲು ಊರು ಆರಿಸಿ

ಕಾನೂನಾಗಿ ಮಾರುಕಟ್ಟೆಗೆ ಬರುವ ದೊಡ್ಡ ಮಾಂಸಾಹಾರಿಗಳ ಹಲ್ಲುಗಳಲ್ಲಿ ಬಹುಪಾಲು ಎರಡು ದೇಶಗಳದ್ದು.

ಮೊದಲನೆಯದು ಮೊರಾಕೊ. ಅಲ್ಜೀರಿಯಾ ಗಡಿಯ ಹತ್ತಿರ ಕೆಮ್ ಕೆಮ್ ಎಂಬ ಕೆಂಪು ಮರಳುಗಲ್ಲಿನ ಪದರಗಳಿವೆ. ವಯಸ್ಸು ಸುಮಾರು 9.5ರಿಂದ 10 ಕೋಟಿ ವರ್ಷ. ಆಗ ಅಲ್ಲಿ ದೊಡ್ಡ ನದಿಗಳಿದ್ದವು. ಊರಿನವರು ಗುಡ್ಡದ ಬದಿಯಲ್ಲಿ ಕೈಯಿಂದಲೇ ಸುರಂಗ ಕೊರೆದು ಹಲ್ಲು ತೆಗೆಯುತ್ತಾರೆ, ಅವು ಎರ್ಫೂದ್, ರಿಸ್ಸಾನಿ ಪಟ್ಟಣಗಳ ಅಂಗಡಿಗೆ ಬರುತ್ತವೆ. ಸ್ಪೈನೋಸಾರಸ್, ಕಾರ್ಕರೊಡೊಂಟೊಸಾರಸ್, ಅಬೆಲಿಸಾರಿಡ್ ಎಂಬ ಮಾಂಸಾಹಾರಿ ಗುಂಪಿನವು ಇಲ್ಲಿಯವು. ಹೊಸಬರು ಶುರು ಮಾಡಬೇಕಾದದ್ದು ಇಲ್ಲಿಂದಲೇ, ಅದೂ ಸ್ಪೈನೋಸಾರಸ್‌ನಿಂದ. ಅದರ ಹಲ್ಲು ಬೇಕಾದಷ್ಟು ಇವೆ. ಒಂದು ಹಳೆಯ ನದಿಪಾತ್ರದಲ್ಲಿ ಸಿಕ್ಕ 1,200ಕ್ಕೂ ಹೆಚ್ಚು ಹಲ್ಲುಗಳನ್ನು ಎಣಿಸಿದಾಗ ಅವುಗಳಲ್ಲಿ ಸುಮಾರು 45% ಇದರದ್ದೇ ಇದ್ದವು. ಈ ಎಣಿಕೆ 2020ರಲ್ಲಿ ಪ್ರಕಟವಾಯಿತು.

ಎರಡನೆಯದು ಅಮೆರಿಕ. ಮೊಂಟಾನಾ, ಉತ್ತರ ಮತ್ತು ದಕ್ಷಿಣ ಡಕೋಟಾದ ಹೆಲ್ ಕ್ರೀಕ್ ಪದರದಲ್ಲಿ ಟಿ. ರೆಕ್ಸ್ ಸಿಗುತ್ತದೆ. ವಯಸ್ಸು 6.6 ಕೋಟಿ ವರ್ಷದ ಆಸುಪಾಸು. ಮೊಂಟಾನಾದಲ್ಲೇ ಜುಡಿತ್ ರಿವರ್ ಎಂಬ ಇನ್ನೂ ಹಳೆಯ ಪದರವಿದೆ. ಅಲ್ಲಿಯದು ಟಿ. ರೆಕ್ಸ್‌ನ ಹಿರಿಯ ದಾಯಾದಿಗಳ ಹಲ್ಲು. ಬೆಲೆ ಕಡಿಮೆ, ರೂಪ ಹೆಚ್ಚುಕಡಿಮೆ ಅದೇ. ನನ್ನ ಕೇಳಿದರೆ ಹೆಸರಿಗೆ ದುಡ್ಡು ಸುರಿಯುವ ಬದಲು ಜುಡಿತ್ ರಿವರ್‌ನ ಒಂದು ಒಳ್ಳೆಯ ಹಲ್ಲು ಕೊಳ್ಳುವುದು ಜಾಣತನ.

ಕೈ ಹಾಕಬಾರದ ಊರುಗಳೂ ಇವೆ. ಮಂಗೋಲಿಯಾದಲ್ಲಿ ಪಳೆಯುಳಿಕೆ ಸರಕಾರದ ಸ್ವತ್ತು. 2012ರಲ್ಲಿ ನ್ಯೂಯಾರ್ಕ್‌ನಲ್ಲಿ 10 ಲಕ್ಷ ಡಾಲರ್‌ಗೂ ಜಾಸ್ತಿಗೆ ಹರಾಜಾದ ಟಾರ್ಬೋಸಾರಸ್ ಅಸ್ಥಿಪಂಜರವನ್ನು ಅಮೆರಿಕ ಸರಕಾರ ವಶಪಡಿಸಿಕೊಂಡು ಮರುವರ್ಷ ಮಂಗೋಲಿಯಾಕ್ಕೆ ಕಳಿಸಿತು. ಚೀನಾ, ಬ್ರೆಜಿಲ್, ಅರ್ಜೆಂಟೀನಾ ದೇಶಗಳೂ ಹೀಗೇ ಬಿಗಿ. ಕೆನಡಾದ ಆಲ್ಬರ್ಟಾದಲ್ಲಿ ಪಳೆಯುಳಿಕೆ ಪ್ರಾಂತ್ಯದ ಆಸ್ತಿ. ಯಾರಾದರೂ ಮಂಗೋಲಿಯಾದ ಟಾರ್ಬೋಸಾರಸ್ ಹಲ್ಲನ್ನೋ ಅರ್ಜೆಂಟೀನಾದ ಜೈಗನೋಟೋಸಾರಸ್ ಹಲ್ಲನ್ನೋ ಅಗ್ಗಕ್ಕೆ ಕೊಡುತ್ತೇನೆಂದರೆ ಸುಮ್ನೆ ಎದ್ದು ಬನ್ನಿ.

ನಮ್ಮ ದೇಶದಲ್ಲಿ? ದೊಡ್ಡ ಮಾಂಸಾಹಾರಿಗಳು ಇದ್ದವು. ಗುಜರಾತಿನ ರಾಹಿಯೋಲಿಯ ರಾಜಾಸಾರಸ್‌ಗೆ ಹೆಸರಿಟ್ಟದ್ದು 2003ರಲ್ಲಿ. ಜಬಲ್ಪುರದ ಲಮೇಟಾ ಪದರದ ಇಂಡೋಸುಕಸ್, ಇಂಡೋಸಾರಸ್ 1933ರಷ್ಟು ಹಳೆಯ ಹೆಸರುಗಳು. ತಮಿಳುನಾಡಿನ ಅರಿಯಲೂರು ಕಡೆಯೂ ಹಲ್ಲುಗಳು ಸಿಕ್ಕಿವೆ. ಇವೆಲ್ಲ ಸಂಶೋಧಕರ ಜಾಗಗಳು. ಹೋಗಿ ನೋಡಿ, ಜೇಬಿಗೆ ಹಾಕಬೇಡಿ. ಕರ್ನಾಟಕದಲ್ಲಂತೂ ಹುಡುಕಿ ಪ್ರಯೋಜನವಿಲ್ಲ. ನಮ್ಮ ಕಲ್ಲುಗಳಲ್ಲಿ ಬಹುಪಾಲು 250 ಕೋಟಿ ವರ್ಷಕ್ಕೂ ಹಳೆಯವು. ಆಗ ಹಲ್ಲಿರಲಿ, ಬಾಯಿ ಇರುವ ಜೀವಿಯೇ ಇರಲಿಲ್ಲ. ಉತ್ತರದ ಕಪ್ಪುಕಲ್ಲು ಡೈನೋಸಾರ್ ಕಾಲದ ಕೊನೆಯದು ನಿಜ, ಆದರೆ ಅದು ಹರಿದು ಗಟ್ಟಿಯಾದ ಲಾವಾ.

ಹೆಜ್ಜೆ 3: ಹಲ್ಲು ಓದಲು ಕಲಿಯಿರಿ

ಬೇಕಾದ ಸಾಮಾನು ನಾಲ್ಕೇ. ಹತ್ತು ಪಟ್ಟು ದೊಡ್ಡದು ಮಾಡುವ ಲೆನ್ಸ್, ಡಿಜಿಟಲ್ ಕ್ಯಾಲಿಪರ್, 365 ನ್ಯಾನೋಮೀಟರ್‌ನ ಯುವಿ ಟಾರ್ಚ್, ಮೆತ್ತನೆಯ ಬ್ರಷ್. ಅಕ್ಕಸಾಲಿಗರು ಕಣ್ಣಿಗೆ ಹಚ್ಚುವ ಲೆನ್ಸ್ ಆದರೂ ನಡೆಯುತ್ತದೆ.

ಹಲ್ಲಿನ ಅಂಚನ್ನು ಮೊದಲು ನೋಡಿ. ಕುಡುಗೋಲಿಗೆ ಕಕ್ಕು ಹಾಕಿಸಿರುತ್ತಾರಲ್ಲ, ಹಾಗೆಯೇ ಮಾಂಸಾಹಾರಿ ಡೈನೋಸಾರ್ ಹಲ್ಲಿನ ಅಂಚಿಗೂ ಸಾಲು ಕಕ್ಕು ಇರುತ್ತದೆ. ಹಲ್ಲಿನ ನಡು ಎತ್ತರದಲ್ಲಿ, ಹಿಂದಿನ ಅಂಚಿನ ಮೇಲೆ ಕ್ಯಾಲಿಪರನ್ನು 5 ಮಿಲಿಮೀಟರ್‌ಗೆ ತೆರೆದು ಹಿಡಿಯಿರಿ. ಅದರೊಳಗೆ ಎಷ್ಟು ಕಕ್ಕು ಬರುತ್ತದೆ ಎಣಿಸಿ. ಟಿ. ರೆಕ್ಸ್‌ನ ದೊಡ್ಡ ಹಲ್ಲಿನಲ್ಲಿ ಸುಮಾರು 10 ಬರುತ್ತದೆ. ಸಣ್ಣ ರಾಪ್ಟರ್‌ಗಳಲ್ಲಿ, ಅಂದರೆ ವೆಲೋಸಿರಾಪ್ಟರ್‌ನ ಬಳಗದ ಮಾಂಸಾಹಾರಿಗಳಲ್ಲಿ, ಅದರ ಎರಡು-ಮೂರು ಪಟ್ಟು. ಮುಂದಿನ ಅಂಚಿನ ಎಣಿಕೆಯನ್ನೂ ಬರೆದಿಡಿ. ರಾಪ್ಟರ್ ಗುಂಪಿನ ಹಲವು ಪ್ರಾಣಿಗಳಲ್ಲಿ ಮುಂದಿನ ಕಕ್ಕು ಹಿಂದಿನದಕ್ಕಿಂತ ತೀರಾ ಸಣ್ಣದು. ಈ ವ್ಯತ್ಯಾಸವೇ ಗುರುತು ಹಿಡಿಯಲು ಸಾಕಾಗುವುದುಂಟು.

ಆಮೇಲೆ ಅಡ್ಡ ಸೀಳಿಕೆ. ಬುಡದ ಕಡೆಯಿಂದ ನೋಡಿ. ಕಾರ್ಕರೊಡೊಂಟೊಸಾರಸ್ ಹಲ್ಲು ಚಾಕುವಿನಂತೆ ಚಪ್ಪಟೆ, ಅಗಲ. ಹಿಂದಿನ ಅಂಚು ಬಾಗದೆ ಹೆಚ್ಚುಕಡಿಮೆ ನೇರ. ಅಂಚಿನ ಹತ್ತಿರ ಎನಾಮಲ್‌ನಲ್ಲಿ ಸೀರೆ ನೆರಿಗೆಯಂಥ ಸುಕ್ಕು ಕಾಣಬಹುದು. ಹೆಸರಿನ ಅರ್ಥವೇ ಶಾರ್ಕ್ ಹಲ್ಲಿನ ಹಲ್ಲಿ. ಕನ್ನಡದಲ್ಲಿ ಹೇಳಿದಾಗ ಇನ್ನೂ ಚೆನ್ನಾಗಿದೆ ಅಲ್ವಾ? ಟಿ. ರೆಕ್ಸ್ ಹಲ್ಲು ಇದಕ್ಕೆ ತದ್ವಿರುದ್ಧ. ದಪ್ಪ, ದುಂಡು, ಬಾಳೆಹಣ್ಣಿನ ಹಾಗೆ. ಮಾಂಸ ಕೊಯ್ಯುವುದಷ್ಟೇ ಅಲ್ಲ, ಮೂಳೆ ಪುಡಿಮಾಡಲೂ ಬಂದ ಹಲ್ಲು. ಅದರ ಬಾಯಿಯ ತೀರಾ ಮುಂದಿನ ಹಲ್ಲುಗಳು ಚಿಕ್ಕವು. ಅಡ್ಡಕ್ಕೆ ನೋಡಿದರೆ ಅರ್ಧ ಕತ್ತರಿಸಿದ ಅಡಿಕೆಯ ಆಕಾರ, ಒಂದು ಬದಿ ಉಬ್ಬು, ಒಂದು ಬದಿ ಚಪ್ಪಟೆ.

ಸ್ಪೈನೋಸಾರಸ್ ಇವರ ಪೈಕಿ ಸೇರುವುದೇ ಇಲ್ಲ. ಮೀನು ಹಿಡಿಯುವ ಕೊಕ್ಕೆಯಂಥ ಹಲ್ಲು ಅದರದ್ದು. ಕೋನಾಕಾರ, ಉದ್ದುದ್ದ ಗೆರೆಗಳು, ಕಕ್ಕು ಇಲ್ಲ. ಅದೇ ನದಿಯಲ್ಲಿ ಮೊಸಳೆಗಳೂ ಇದ್ದವು, ಅವುಗಳ ಹಲ್ಲನ್ನೂ ಸ್ಪೈನೋಸಾರಸ್ ಎಂದು ಮಾರುತ್ತಾರೆ. ಅಂಚಿನ ಏಣು ಎಲ್ಲಿದೆ ನೋಡಿ. ಸ್ಪೈನೋಸಾರಸ್‌ನಲ್ಲಿ ಅದು ಬಾಗಿನ ಮುಂದೆ ಮತ್ತು ಹಿಂದೆ ಇರುತ್ತದೆ. ಮೊಸಳೆ ಹಲ್ಲು ಬಾಯಿಯ ಒಳಗಡೆಗೆ ಬಾಗಿರುತ್ತದೆ, ಹಾಗಾಗಿ ಏಣು ಬಾಗಿನ ಎಡಬಲಕ್ಕೆ ಬರುತ್ತದೆ. ಐದಾರು ಹಲ್ಲು ಕೈಯಲ್ಲಿ ತಿರುಗಿಸಿದರೆ ಕಣ್ಣು ಪಳಗುತ್ತದೆ.

ಹೆಜ್ಜೆ 4: ಚೀಟಿಯ ಹೆಸರನ್ನು ಅನುಮಾನಿಸಿ

ಕೆಮ್ ಕೆಮ್‌ನ ಸಾಧಾರಣ ಗಾತ್ರದ ಹಲ್ಲುಗಳಿಗೆ ‘ಡೆಲ್ಟಾಡ್ರೋಮಿಯಸ್’ ಎಂಬ ಚೀಟಿ ಅಂಟಿಸುವ ಅಭ್ಯಾಸ ವ್ಯಾಪಾರದಲ್ಲಿ ಹಳೆಯದು. ತಮಾಷೆ ಏನೆಂದರೆ ಡೆಲ್ಟಾಡ್ರೋಮಿಯಸ್‌ಗೆ ಹೆಸರಿಟ್ಟಾಗ ಆಧಾರವಾದ ಅಸ್ಥಿಪಂಜರದಲ್ಲಿ ತಲೆಯೇ ಇಲ್ಲ. ತಲೆ ಇಲ್ಲದ ಪ್ರಾಣಿಯ ಹಲ್ಲು ಇದು ಎಂದು ಯಾರು ಗುರುತಿಸಿದರು? ಅವುಗಳಲ್ಲಿ ಬಹಳಷ್ಟು ಅಬೆಲಿಸಾರಿಡ್ ಹಲ್ಲುಗಳು. ‘ಮೊರಾಕೊ ರಾಪ್ಟರ್’ ಎಂಬ ಚೀಟಿಯ ಕತೆಯೂ ಇದೇ.

ಹೆಲ್ ಕ್ರೀಕ್‌ನಲ್ಲಿ ಜಗಳ ನ್ಯಾನೋಟೈರಾನಸ್‌ನದು. ಅದು ಮರಿ ಟಿ. ರೆಕ್ಸ್ ಅಷ್ಟೇ ಎಂದು ಬಹಳ ಜನ ವಾದಿಸುತ್ತಿದ್ದರು. 2025ರಲ್ಲಿ ಬಂದ ಅಧ್ಯಯನವೊಂದು ಮೊಂಟಾನಾದ ಒಂದು ಅಸ್ಥಿಪಂಜರವನ್ನು ಪರೀಕ್ಷಿಸಿ, ಅದು ಬೆಳೆದ ಪ್ರಾಣಿ, ಬೇರೆಯೇ ಜಾತಿ ಎಂದು ಹೇಳಿತು. ಹಾಗಂತ ಅಂಗಡಿಯಲ್ಲಿರುವ ಸಣ್ಣ ಹಲ್ಲೆಲ್ಲ ನ್ಯಾನೋಟೈರಾನಸ್ ಆಗಿಬಿಡುವುದಿಲ್ಲ. ನಾನು ನನ್ನ ಪುಸ್ತಕದಲ್ಲಿ ‘ಟೈರಾನೋಸಾರ್ ಗುಂಪು, ಹೆಲ್ ಕ್ರೀಕ್’ ಎಂದಷ್ಟೇ ಬರೆಯುತ್ತೇನೆ. ಗುಂಪಿನ ಹೆಸರು ಬರೆದರೆ ಮರ್ಯಾದೆ ಕಡಿಮೆಯಾಗುವುದಿಲ್ಲ. ಜಾಗ, ಪದರ ಸರಿಯಾಗಿದ್ದರೆ ಹೆಸರನ್ನು ಮುಂದೆ ಯಾರಾದರೂ ತಿದ್ದಬಹುದು. ಜಾಗ ಕಳೆದುಹೋದರೆ ಯಾರಿಂದಲೂ ಏನೂ ಮಾಡಲಾಗದು.

ಹೆಜ್ಜೆ 5: ಕಲಬೆರಕೆ ಹಿಡಿಯುವುದು

ಇಲ್ಲಿ ನಿಧಾನವಾಗಿ ಓದಿ. ಪೂರ್ತಿ ನಕಲಿ ಹಲ್ಲು ಕಡಿಮೆ. ಜಾಸ್ತಿ ಇರುವುದು ಅರ್ಧ ನಿಜ.

ಮುರಿದ ಹಲ್ಲಿನ ಎರಡು ತುಂಡನ್ನು ಮತ್ತೆ ಅಂಟಿಸುವುದು ರಿಪೇರಿ. ಅದು ತಪ್ಪಲ್ಲ, ಹೇಳಿ ಮಾರಿದರೆ ಸಾಕು. ಇಲ್ಲದ ಭಾಗವನ್ನು ಮರಳು-ಅಂಟು ಕಲಸಿ ತುಂಬುವುದು ಎರಡನೆಯ ಮೆಟ್ಟಿಲು. ಒಂದು ಹಲ್ಲಿನ ತುದಿ, ಇನ್ನೊಂದರ ನಡು, ಮತ್ತೊಂದರ ಬೇರು ಜೋಡಿಸಿ ಉದ್ದ ಮಾಡುವುದು ಮೂರನೆಯದು. ನನಗೆ ಸಿಕ್ಕಿದ್ದು ಈ ಮೂರನೆಯದು.

ಬಿರುಕಿನ ಜಾಡು ಹಿಡಿದು ಹೋಗಿ. ನಿಜವಾದ ಹಲ್ಲಿನಲ್ಲಿ ಬಿರುಕು, ಬಣ್ಣ, ಉದ್ದ ಗೆರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗುತ್ತವೆ. ಜೋಡಿಸಿದ ಕಡೆ ಅವು ನಿಲ್ಲುತ್ತವೆ. ಮಾರಾಟಗಾರರು ಬಹಳ ಸಲ ಆ ಜಾಗಕ್ಕೆ ಮರಳು ಮೆತ್ತಿರುತ್ತಾರೆ, ‘ಈಗಷ್ಟೇ ನೆಲದಿಂದ ಬಂದದ್ದು’ ಎಂಬ ಸೊಗಸಿಗೆ. ಹಲ್ಲಿನ ಸುತ್ತ ಬಳೆಯಂತೆ ಮರಳು ಅಂಟಿದ್ದರೆ ಅದರ ಕೆಳಗೆ ಏನಿದೆ ಎಂದು ಕೇಳಿ.

ಕಕ್ಕನ್ನು ಲೆನ್ಸ್‌ನಲ್ಲಿ ನೋಡಿ. ನಿಜವಾದ ಕಕ್ಕು ಒಂದೊಂದೂ ಪುಟ್ಟ ಉಳಿಯ ತುದಿಯಂತೆ, ಎನಾಮಲ್ ಹೊದಿಕೆ ಸಮೇತ ಇರುತ್ತದೆ. ತುದಿಯ ಕಡೆ ಸವೆದಿರುತ್ತದೆ. ಅರ ಹಾಕಿ ಕೆತ್ತಿದ ಕಕ್ಕು ಬರೀ ಗೀರು. ಸವೆತವೂ ಇಲ್ಲ, ಹೊಳಪೂ ಇಲ್ಲ.

ಕತ್ತಲೆ ಕೋಣೆಯಲ್ಲಿ ಯುವಿ ಟಾರ್ಚ್ ಹಾಕಿ. ಅನೇಕ ಅಂಟು, ರಾಳಗಳು ಹಲ್ಲಿಗಿಂತ ಬೇರೆ ಬಣ್ಣದಲ್ಲಿ ಹೊಳೆಯುತ್ತವೆ. ಎಲ್ಲ ಅಂಟೂ ಹೊಳೆಯುವುದಿಲ್ಲ, ಆದ್ದರಿಂದ ಹೊಳೆಯದಿದ್ದರೆ ಶುದ್ಧ ಎಂದು ತೀರ್ಮಾನಿಸಬೇಡಿ. ಕೊಂಡ ಮೇಲೆ ಮನೆಯಲ್ಲಿ, ಕಿಟಕಿ ತೆಗೆದು, ಬೆಂಕಿ ದೂರವಿಟ್ಟು, ಹತ್ತಿ ಕಡ್ಡಿಗೆ ಒಂದು ಹನಿ ಅಸಿಟೋನ್ ಹಾಕಿ ಅನುಮಾನದ ಜಾಗ ಒರೆಸಿ. ಬಣ್ಣ ಹತ್ತಿಗೆ ಬಂದರೆ ಅದು ಡಬ್ಬಿ ಬಣ್ಣ. ಹಲ್ಲನ್ನು ಗಟ್ಟಿ ಮಾಡಲು ಹಚ್ಚಿದ ನ್ಯಾಯವಾದ ರಾಳವೂ ಅಸಿಟೋನ್‌ಗೆ ಕರಗುತ್ತದೆ, ಅದಕ್ಕೆ ಒಂದೇ ಹನಿ.

ಕಲ್ಲಿನಲ್ಲಿ ಕೂತ ದವಡೆ, ಅದರಲ್ಲಿ ಸಾಲಾಗಿ ಹಲ್ಲು. ಮೊರಾಕೊದ ಪ್ರವಾಸಿ ಅಂಗಡಿಗಳಲ್ಲಿ ಇದು ಕಂಡರೆ ಕಟ್ಟಿದ್ದು ಅಂತಲೇ ಲೆಕ್ಕ. ಬಿಡಿ ಹಲ್ಲುಗಳನ್ನು ಮೂಳೆ ಚೂರಿನ ಜೊತೆ ಅಂಟಿಸಿರುತ್ತಾರೆ. ಅಷ್ಟೇ ಅಲ್ಲ, ಅಲ್ಲಿನ ಫಾಸ್ಫೇಟ್ ಗಣಿಗಳ ಮೊಸಾಸಾರ್ ಹಲ್ಲುಗಳು ‘ಡೈನೋಸಾರ್’ ಎಂದು ಬಿಕರಿಯಾಗುತ್ತವೆ. ಮೊಸಾಸಾರ್ ಸಮುದ್ರದ ಸರೀಸೃಪ, ಡೈನೋಸಾರ್ ಅಲ್ಲ.

ಹೆಜ್ಜೆ 6: ಕೊಳ್ಳುವಾಗ

ಆರು ಫೋಟೋ ಕೇಳಿ: ಎರಡು ಬದಿ, ಎರಡು ಅಂಚು, ಬುಡ, ತುದಿ. ಎಲ್ಲವೂ ಹಗಲು ಬೆಳಕಿನಲ್ಲಿ. ಕೊಡಲು ಹಿಂದೆಮುಂದೆ ನೋಡಿದರೆ ಅದೇ ಉತ್ತರ. ‘ರಿಪೇರಿ ಇದೆಯಾ?’ ಎಂದಷ್ಟೇ ಕೇಳಬೇಡಿ, ‘ಎಲ್ಲೆಲ್ಲಿ ತುಂಬಿದೆ, ಎಲ್ಲ ತುಂಡೂ ಒಂದೇ ಹಲ್ಲಿನದಾ?’ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಉದ್ದ ಹೇಗೆ ಅಳೆದರು ಎಂಬುದೂ ಮುಖ್ಯ. ತುದಿಯಿಂದ ಬುಡಕ್ಕೆ ನೇರ ಅಳೆದರೆ ಒಂದು, ಹೊರಬಾಗಿನ ಮೇಲೆ ಟೇಪ್ ಹಿಡಿದರೆ ಇನ್ನೊಂದು. ಕಾಲು ಇಂಚಿನ ವ್ಯತ್ಯಾಸ ಬೆಲೆಯಲ್ಲಿ ದೊಡ್ಡದಾಗುತ್ತದೆ. ಉದ್ದ ಎರಡು ಪಟ್ಟಾದರೆ ಬೆಲೆ ಎರಡಲ್ಲ, ಹಲವು ಪಟ್ಟು ಏರುತ್ತದೆ. ಸಣ್ಣ ಸ್ಪೈನೋಸಾರಸ್ ಹಲ್ಲು ಹತ್ತಿಪ್ಪತ್ತು ಡಾಲರಿಗೂ ಸಿಗುತ್ತದೆ, ಒಳ್ಳೆಯ ಟಿ. ರೆಕ್ಸ್ ಹಲ್ಲು ಸಾವಿರಾರು ಡಾಲರ್. 2020ರಲ್ಲಿ ‘ಸ್ಟ್ಯಾನ್’ ಎಂಬ ಟಿ. ರೆಕ್ಸ್ ಅಸ್ಥಿಪಂಜರ 3.18 ಕೋಟಿ ಡಾಲರಿಗೆ ಹರಾಜಾಯಿತು. ಆ ಹೆಸರಿನ ಆಕರ್ಷಣೆ ಬಿಡಿ ಹಲ್ಲಿಗೂ ಅಂಟಿಕೊಂಡಿದೆ.

ಭಾರತಕ್ಕೆ ತರಿಸುವುದಾದರೆ ಪಾರ್ಸೆಲ್ ಮೇಲೆ ‘ಗಿಫ್ಟ್’, ‘ಕಲ್ಲು’ ಎಂದು ಬರೆಸಬೇಡಿ. ಸಂಗ್ರಾಹಕರ ಪಳೆಯುಳಿಕೆಗಳಿಗೆ ಕಸ್ಟಮ್ಸ್‌ನಲ್ಲಿ 9705 ಎಂಬ ಶೀರ್ಷಿಕೆಯೇ ಇದೆ. ಬಿಲ್, ರಫ್ತು ಅನುಮತಿಯ ಪ್ರತಿ ಎರಡನ್ನೂ ಕೇಳಿ ಪಡೆದು ಜೋಪಾನ ಮಾಡಿ.

ಹೆಜ್ಜೆ 7: ನೀವೇ ಹುಡುಕುವುದಾದರೆ

ಅಮೆರಿಕದಲ್ಲಿರುವ ನಮ್ಮವರಿಗೆ ಇದು ಸಾಧ್ಯ. ಬೇಸಿಗೆಯಲ್ಲಿ ಮೊಂಟಾನಾ, ಡಕೋಟಾಗಳ ಖಾಸಗಿ ರಾಂಚ್‌ಗಳಲ್ಲಿ ದುಡ್ಡು ಕೊಟ್ಟು ಅಗೆಯಲು ಬಿಡುತ್ತಾರೆ. ಏನು ಸಿಕ್ಕರೆ ನಿಮ್ಮದು, ಏನು ಅವರದು ಎಂದು ಮೊದಲೇ ಬರಹದಲ್ಲಿ ಮಾಡಿಕೊಳ್ಳಿ. ಫೆಡರಲ್ ಸರಕಾರದ ನೆಲದಲ್ಲಿ ಬೆನ್ನೆಲುಬಿನ ಪ್ರಾಣಿಗಳ ಪಳೆಯುಳಿಕೆಯನ್ನು ಪರವಾನಗಿ ಇಲ್ಲದೆ ಎತ್ತುವಂತಿಲ್ಲ, 2009ರ ಕಾನೂನು ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಬಾಯಿಮಾತು ನಂಬಿ ಅಗೆದರೆ ಏನಾಗುತ್ತದೆ ಎಂಬುದಕ್ಕೆ ‘ಸೂ’ ಇದೆ. 1990ರಲ್ಲಿ ದಕ್ಷಿಣ ಡಕೋಟಾದಲ್ಲಿ ಸಿಕ್ಕ ಈ ಟಿ. ರೆಕ್ಸ್‌ಗೆ ಅಗೆದವರು ಜಮೀನಿನವರಿಗೆ 5,000 ಡಾಲರ್ ಕೊಟ್ಟಿದ್ದರು. ಆ ಜಮೀನನ್ನು ಸರಕಾರ ಟ್ರಸ್ಟ್ ಆಗಿ ಇಟ್ಟುಕೊಂಡಿತ್ತು, ಹಾಗಾಗಿ ಮಾರಾಟವೇ ಸಿಂಧುವಲ್ಲ ಎಂದಾಯಿತು. ವರ್ಷಗಟ್ಟಲೆ ಕೋರ್ಟು ತಿರುಗಿ, 1997ರಲ್ಲಿ 83 ಲಕ್ಷ ಡಾಲರಿಗೂ ಮೇಲೆ ಹರಾಜಾಗಿ ಈಗ ಶಿಕಾಗೋದ ಮ್ಯೂಸಿಯಂನಲ್ಲಿದೆ.

ಬೆಳಿಗ್ಗೆ, ಸಂಜೆ ಓರೆ ಬಿಸಿಲಿನಲ್ಲಿ ನಡೆಯಿರಿ. ಎನಾಮಲ್ ಮಿನುಗುವುದು ಆಗಲೇ. ದಿಬ್ಬದ ಬುಡದಲ್ಲಿ ಚೂರು ಕಂಡರೆ ಅದು ಉರುಳಿ ಬಂದ ದಾರಿ ಹಿಡಿದು ಮೇಲಕ್ಕೆ ಹೋಗಿ. ಇರುವೆ ಗೂಡುಗಳನ್ನೂ ಬಗ್ಗಿ ನೋಡಿ. ಅಲ್ಲಿನ ಒಂದು ಜಾತಿಯ ಇರುವೆಗಳು ಗೂಡಿನ ಮೇಲೆ ಹರಳು ಹಾಸುವಾಗ ಪುಟ್ಟ ಹಲ್ಲುಗಳನ್ನೂ ಹೊತ್ತು ತಂದು ಹಾಕಿರುತ್ತವೆ. ಮಳೆ ಬಂದರೆ ಮಾತ್ರ ವಾಪಸ್ ಹೊರಡಿ. ಆ ಜೇಡಿ ಒದ್ದೆಯಾದರೆ ಬೂಟಿಗೆ ಮಣಗಟ್ಟಲೆ ಮೆತ್ತಿಕೊಳ್ಳುತ್ತದೆ. ವಿಜಯಪುರದ ಎರೆಹೊಲದಲ್ಲಿ ಮಳೆಗಾಲದಲ್ಲಿ ನಡೆದವರಿಗೆ ಹೆಚ್ಚು ಹೇಳಬೇಕಿಲ್ಲ. ಎರಡರಲ್ಲೂ ಇರುವುದು ನೀರು ಕುಡಿದು ಉಬ್ಬುವ ಒಂದೇ ಜಾತಿಯ ಜೇಡಿ.

ಹಲ್ಲು ಕಂಡ ತಕ್ಷಣ ಎಳೆಯಬೇಡಿ. ಸ್ಕೇಲ್ ಇಟ್ಟು ಫೋಟೋ, ಜಿಪಿಎಸ್ ಗುರುತು, ಆಮೇಲೆ ಸುತ್ತಲಿನ ಮಣ್ಣು ಬಿಡಿಸಿ. ಪಕ್ಕದಲ್ಲಿ ಒಂದಕ್ಕೊಂದು ಕೂಡಿದ ಮೂಳೆ ಕಂಡರೆ ಕೈ ತೆಗೆದು ಮ್ಯೂಸಿಯಂನವರನ್ನು ಕರೆಯಿರಿ.

ಹೆಜ್ಜೆ 8: ಮನೆಗೆ ಬಂದ ಮೇಲೆ

ನೀರಲ್ಲಿ ನೆನೆಸಬೇಡಿ. ಬಿರುಕಿನಲ್ಲಿರುವ ಜೇಡಿ ಉಬ್ಬಿ ಹಲ್ಲು ಒಡೆಯಬಹುದು. ಒಣ ಬ್ರಷ್ ಸಾಕು. ಪುಡಿಯಾಗುತ್ತಿದ್ದರೆ ಪ್ಯಾರಲಾಯ್ಡ್ ಬಿ-72 ಎಂಬ ರಾಳವನ್ನು ಅಸಿಟೋನ್‌ನಲ್ಲಿ ತೆಳ್ಳಗೆ ಕರಗಿಸಿ ಹನಿಹನಿಯಾಗಿ ಕುಡಿಸಿ. ಅದೇ ರಾಳ ಗಟ್ಟಿಯಾಗಿ ಕಲಸಿದರೆ ಅಂಟೂ ಆಗುತ್ತದೆ. ಬೇಡವೆಂದರೆ ಮತ್ತೆ ಬಿಡಿಸಬಹುದು, ಅದೇ ಅದರ ದೊಡ್ಡ ಗುಣ. ಅವಸರಕ್ಕೆ ಫೆವಿಕ್ವಿಕ್ ಎತ್ತಿಕೊಂಡರೆ ಬಿಡಿಸುವುದು ಕಷ್ಟ.

ಬುಡದ ಕಡೆ, ಎನಾಮಲ್ ಇಲ್ಲದ ಜಾಗದಲ್ಲಿ ಬಿ-72 ಒಂದು ತೆಳು ಪದರ ಹಚ್ಚಿ, ಒಣಗಿದ ಮೇಲೆ ಸಣ್ಣ ನಿಬ್ಬಿನಲ್ಲಿ ನಂಬರ್ ಬರೆಯಿರಿ, ಮೇಲೆ ಇನ್ನೊಂದು ಪದರ. ಅದೇ ನಂಬರ್ ಪುಸ್ತಕದಲ್ಲೂ ಇರಲಿ. ದೇಶ, ಊರು, ಪದರ, ವಯಸ್ಸು, ಅಳತೆ, ಕಕ್ಕಿನ ಎಣಿಕೆ, ಯಾರಿಂದ, ಯಾವ ದಿನ, ಏನೇನು ರಿಪೇರಿ. ಹಳೆಯ ಚೀಟಿ ತಪ್ಪಿದ್ದರೂ ಎಸೆಯಬೇಡಿ, ಜೊತೆಗೇ ಇಡಿ. ನನ್ನ ಪುಸ್ತಕದ ಮೊದಲ ಸಾಲು ಹೀಗಿದೆ: ‘1. ಮೊರಾಕೊ, ಕೆಮ್ ಕೆಮ್. ತುದಿ ಕಾರ್ಕರೊಡೊಂಟೊಸಾರಿಡ್. ಬೇರು ಯಾರದ್ದೋ.’

ಡಬ್ಬಿಯೊಳಗೆ ಫೋಮ್ ಅನ್ನು ಹಲ್ಲಿನ ಆಕಾರಕ್ಕೆ ಕತ್ತರಿಸಿ. ಹಲ್ಲು ಅದರಲ್ಲಿ ಅಲುಗಾಡಬಾರದು, ಬಿಗಿಯಾಗಿಯೂ ಇರಬಾರದು. ಮಂಗಳೂರು, ಮಲೆನಾಡಿನ ಕಡೆಯವರು ಮುಚ್ಚಳ ಗಟ್ಟಿಯಾಗಿ ಕೂರುವ ಡಬ್ಬಿಯನ್ನೇ ಕೊಳ್ಳಿ. ತೇವ ಏರಿಳಿದಷ್ಟೂ ಬಿರುಕು ಬಾಯಿ ಬಿಡುತ್ತದೆ. ಬಣ್ಣ ಬದಲಾಗುವ ಸಿಲಿಕಾ ಜೆಲ್ ಪೊಟ್ಟಣ ಹಾಕಿದರೆ ಯಾವಾಗ ಒಣಗಿಸಬೇಕೆಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಾನು ವಾರಕ್ಕೊಮ್ಮೆ ಡಬ್ಬಿ ತೆಗೆದು ನೋಡುತ್ತೇನೆ.